ಕಾಯಲು ಕೊಟ್ಟ ಬೂಟು

ನಾನು ಮೊದಲು ಬಾಡಿಗೆಗಿದ್ದ ಮನೆಯ ಓನರ್ ಆಂಟಿಯ ಸೊಸೆ ಕಳೆದ ಭಾನುವಾರ ಬಂದು, ನನ್ನ ಮುಂದೆ ಒಂದು ಚೀಲ ಇಟ್ಟರು. ಅದರ ಬಾಯಿ ಬಿಚ್ಚಿದ ಕೂಡಲೇ ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಅದರಡಿಯಲ್ಲಿ ಇನ್ನೊಂದು ವಾಸನೆ... ಮುಗ್ಗಲು ಹಿಡಿದ ಉಣ್ಣೆ, ಹಳೆಯ ರಬ್ಬರು. ನೋಡುವ ಮೊದಲೇ ಗೊತ್ತಾಯಿತು, ಆಂಟಿಯ ಬೂಟು.

"ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು," ಎಂದರು ಸೊಸೆ. "ಅತ್ತೆ ಅವತ್ತು ಬೆಟ್ಟದ ತುದಿಗೆ ಹೋಗಿದ್ರಾ, ಇಲ್ವಾ? ನೀವು ಜೊತೇಲಿದ್ರಲ್ಲ."

ಜೊತೆಯಲ್ಲಿದ್ದೆ, ನಿಜ. ಆದರೂ ಉತ್ತರ ನನ್ನ ಬಳಿ ಇಲ್ಲ. ಪಕ್ಕದಲ್ಲೇ ಇದ್ದವಳಿಗೆ ಗೊತ್ತಿಲ್ಲವೆಂದರೆ ಯಾರು ನಂಬುತ್ತಾರೆ? ನನಗೇ ನಂಬಿಕೆ ಬರುವುದಿಲ್ಲ.

ಗದಗದಿಂದ ಕೆಲಸಕ್ಕೆಂದು ಬೆಂಗಳೂರಿಗೆ ಬಂದ ಹೊಸತರಲ್ಲಿ ಹುಳಿಮಾವಿನಲ್ಲಿ ಆಂಟಿಯ ಮನೆಯ ಮೇಲಿನ ಮಹಡಿಯಲ್ಲಿದ್ದೆ. ಅವರದು ಆ ಊರಿನ ಹಳೆಯ ಕುಟುಂಬ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳು. ನನ್ನ ಮಾತು ಕೇಳಿದರೆ ಆಂಟಿಗೆ ನಗು. "ಏನೇ ಅದು, 'ಹೊಂಟೇನ್ರಿ' ಅಂತೀಯ, ಜಗಳಕ್ಕೆ ಹೊರಟಂಗಿರತ್ತೆ," ಎನ್ನುತ್ತಿದ್ದರು. ಜಗಳ ತೆಗೆಯುತ್ತಿದ್ದವರು ಮಾತ್ರ ಅವರೇ. ನೀರಿನ ಮೋಟಾರು, ಗೇಟಿನ ಚಿಲಕ, ನಾನು ಒಣಹಾಕಿದ ಬಟ್ಟೆ, ಎಲ್ಲಕ್ಕೂ ಒಂದೊಂದು ತಕರಾರು. ಆದರೆ ಸಂಜೆ ಕೆರೆಯ ಸುತ್ತ ನಡೆಯಲು ನಾನೇ ಬೇಕು.

ಹಾಗೆ ನಡೆಯುವಾಗಲೇ ಒಂದು ಸಂಜೆ ಫೋನಿನಲ್ಲಿ ಫೋಟೋ ತೋರಿಸಿದೆ. ಏಪ್ರಿಲ್ ರಜೆಯಲ್ಲಿ ನಾವು ಆಫೀಸಿನವರು ಹತ್ತಬೇಕೆಂದಿದ್ದ ಹಿಮದ ಬೆಟ್ಟ ಅದು. ಆಂಟಿ ನಿಂತುಬಿಟ್ಟರು.

"ತುದಿಗೆ ಹೆಂಗಸ್ರೂ ಹೋಗ್ಬೋದಾ?"

ನಾನು ನಕ್ಕೆ. ಅವರು ನಗಲಿಲ್ಲ. ಅವರ ಮನೆದೇವರು ಕನಕಪುರದ ಕಡೆಯ ಒಂದು ಬೆಟ್ಟದಲ್ಲಿದೆ. ಪ್ರತಿ ಚೈತ್ರದಲ್ಲಿ ಇಡೀ ಕುಟುಂಬ ಹೋಗಿ ಅಲ್ಲಿಯೇ ಅಡುಗೆ ಮಾಡಿ ನೆಂಟರಿಗೆಲ್ಲ ಉಣಬಡಿಸಿ ಬರುತ್ತದೆ. ಗಂಡಸರು ಕೊನೆಯ ಬಂಡೆಯ ಬುಡದಲ್ಲಿ ಚಪ್ಪಲಿ ಬಿಟ್ಟು ತುದಿಗೆ ಹತ್ತಿ ದೀಪ ಹಚ್ಚುತ್ತಾರೆ. ಹೆಂಗಸರು ಹತ್ತುವಂತಿಲ್ಲ. ಕೋತಿಗಳು ಎತ್ತಿಕೊಂಡು ಹೋಗುತ್ತವೆಂದು ಒಬ್ಬಳು ಆ ಚಪ್ಪಲಿಗಳನ್ನು ಕಾಯಬೇಕು. ಮದುವೆಯಾದಾಗಿನಿಂದ ಆ ಕೆಲಸ ಆಂಟಿಯದು.

"ಮೇಲೇನಿದೆ ಅಂದ್ರೆ ನಮ್ಮನೆಯವ್ರು 'ಏನಿಲ್ಲ, ಗಾಳಿ' ಅಂತಾರೆ. ಏನೂ ಇಲ್ದೇ ಇದ್ರೆ ವರ್ಷ ವರ್ಷ ಯಾಕೇ ಹೋಗ್ತಾರೆ? ನಾನೂ ಒಂದ್ಸಲ ಯಾವ್ದಾದ್ರೂ ತುದೀಲಿ ನಿಂತ್ಕೋಬೇಕು."

ಜಯನಗರದಲ್ಲಿ ಬೂಟು ಕೊಂಡೆವು. ಸೀರೆಯ ಕೆಳಗೆ ಅದನ್ನು ತೊಟ್ಟು ಆಂಟಿ ಕೆರೆ ಸುತ್ತಿದರು. ಜನ ತಿರುಗಿ ತಿರುಗಿ ನೋಡಿದರು. "ನೋಡ್ಲಿ ಬಿಡು, ನನ್ ಕಾಲು," ಎಂದರು.

ಏಪ್ರಿಲ್‌ನಲ್ಲಿ ಆಂಟಿಯೂ ನಮ್ಮ ಜೊತೆ ಆ ಹಿಮದ ಬೆಟ್ಟಕ್ಕೆ ಬಂದರು. ಅಲ್ಲಿನ ವಸಂತಕ್ಕೆ ತಲೆಬುಡವಿರಲಿಲ್ಲ. ಬೆಳಗ್ಗೆ ಮೂಗು ಸುಡುವ ಬಿಸಿಲು, ಚಹಾ ಕುಡಿಯುವಷ್ಟರಲ್ಲಿ ಆಲಿಕಲ್ಲು, ರೇನ್‌ಕೋಟು ಹಾಕಿಕೊಂಡರೆ ಮತ್ತೆ ಬಿಸಿಲು. "ನಮ್ ಬೆಂಗಳೂರ್ ಮಳೆನೇ ವಾಸಿ, ಸಂಜೆವರೆಗಾದ್ರೂ ಕಾಯತ್ತೆ," ಎಂದು ಆಂಟಿ ಗೊಣಗುತ್ತಲೇ ಹತ್ತಿದರು. ಕೊನೆಯ ದಿನ ತುದಿ ಕಣ್ಣೆದುರೇ ಇತ್ತು. ನಾವಿಬ್ಬರು ಹಿಂದೆ ಉಳಿದಿದ್ದೆವು. ಇದ್ದಕ್ಕಿದ್ದಂತೆ ಕೆಳಗಿನಿಂದ ಮೋಡ ಎದ್ದು ಎಲ್ಲವೂ ಬೆಳ್ಳಗಾಯಿತು. ಮುಂದೆ ಹೋಗಿದ್ದವರನ್ನೆಲ್ಲ ಗೈಡ್ ತುದಿ ಮುಟ್ಟುವ ಮೊದಲೇ ತಿರುಗಿಸಿಕೊಂಡು ಬಂದ. ಇಳಿಯಿರಿ ಎಂದು ನಮಗೂ ಕೂಗಿ ಹೇಳಿ, ಅವರ ಜೊತೆ ಕೆಳಗೆ ಹೊರಟ.

ತಿರುಗಿ ನೋಡಿದರೆ ಆಂಟಿ ಕಲ್ಲಿನ ಮೇಲೆ ಕೂತು ಬೂಟಿನ ದಾರ ಬಿಚ್ಚುತ್ತಿದ್ದರು.

"ಆಂಟಿ, ಏನ್ ಮಾಡಾಕತ್ತೀರಿ?"

"ಇಲ್ಲಿಂದ ಬಿಟ್ಟೇ ಹೋಗ್ಬೇಕು." ಎರಡೂ ಬೂಟನ್ನು ನನ್ನ ಕೈಗಿಟ್ಟರು. "ನೋಡ್ಕೋ. ಬಂದೆ."

ಉಣ್ಣೆಯ ಕಾಲುಚೀಲದಲ್ಲೇ ಮೋಡದೊಳಗೆ ಹೋದರು. ನಾನು ಕೂಗಿದೆ, ಆದರೆ ಹಿಂದೆ ಹೋಗಲಿಲ್ಲ. ಹೆದರಿಕೆಯೋ, ಕಾಯಲು ಕೊಟ್ಟರೆಂದೋ... ಬೂಟು ಹಿಡಿದು ನಿಂತೇ ಇದ್ದೆ. ಎಷ್ಟು ಹೊತ್ತು ಎಂಬುದೂ ನೆನಪಿಲ್ಲ. ನಮ್ಮನ್ನು ಕಾಣದೆ ಗೈಡ್ ಬೈದುಕೊಂಡು ವಾಪಸ್ ಹತ್ತಿ ಬರುವಷ್ಟರಲ್ಲಿ ಆಂಟಿ ಇಳಿದು ಬಂದಿದ್ದರು. ತಲೆಯ ಮೇಲೆ ಹಿಮ, ಮುಖವೆಲ್ಲ ಒದ್ದೆ.

"ಮೇಲೆ ಹೋದ್ರೇನ್ರಿ?"

"ಏನೂ ಕಾಣ್ಲಿಲ್ಲ ಕಣೇ," ಎಂದರು. ಅಳುತ್ತಿದ್ದರೋ, ನಗುತ್ತಿದ್ದರೋ, ಅದೂ ನನಗೆ ತಿಳಿಯಲಿಲ್ಲ.

ಮನೆಗೆ ಬಂದ ಮೇಲೆ ಅಂಕಲ್ ಕೇಳಿದರೆ ಆಂಟಿ, "ಏನಿಲ್ಲ, ಗಾಳಿ," ಎಂದರು. ಕೆರೆಯ ದಂಡೆಯಲ್ಲಿ ನನ್ನ ಹತ್ತಿರ ಒಂದು ದಿನ, "ಇನ್ನೂ ಸ್ವಲ್ಪ ಇತ್ತು ಅನ್ಸತ್ತೆ." ಇನ್ನೊಂದು ದಿನ, "ಮೇಲೆ ನಿಂತಾಗ ಕಿವಿ ಗುಯ್ ಅಂತಿತ್ತು." ಯಾವುದು ಸರಿ ಎಂದರೆ, "ಹೋಗೇ, ಪೊಲೀಸ್ನೋರ ಥರ ಕೇಳ್ತಾಳೆ!" ಮುಂದಿನ ಚೈತ್ರದಲ್ಲಿ ಏನೂ ಆಗದವರಂತೆ ಮತ್ತೆ ಹೋಗಿ ಚಪ್ಪಲಿ ಕಾದರು. ಅದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಆಮೇಲೆ ನಾನು ಸುದ್ದಗುಂಟೆಪಾಳ್ಯಕ್ಕೆ ಮನೆ ಬದಲಾಯಿಸಿದೆ. ಹೋದ ವರ್ಷ ಆಂಟಿ ತೀರಿಕೊಂಡರು. ಈಗ ಗೇಟಿನ ಚಿಲಕ ಸದ್ದು ಮಾಡಿದರೆ ಬೈಯುವವರಿಲ್ಲ, ಅದಕ್ಕೇ ಬೇಜಾರು.

"ಈ ಸಲ ದೇವರ ಬೆಟ್ಟದ ತುದಿಗೆ ನಾನು ಹತ್ತಬೇಕು ಅಂತಿದೀನಿ," ಎಂದರು ಸೊಸೆ. "ನಮ್ ಮನೆ ಹೆಂಗಸ್ರು ಯಾವ ತುದೀನೂ ತುಳಿದಿಲ್ಲ ಅಂತಾರೆ ಮಾವ. ಅತ್ತೆ ಹೋಗಿದ್ರು ಅಂತ ನೀವೊಂದು ಮಾತು ಹೇಳಿ, ಸಾಕು."

ಹೂಂ ಎಂದುಬಿಡಬಹುದಿತ್ತು. ಕಂಡಷ್ಟನ್ನೇ ಹೇಳಿದೆ. "ಬೂಟು ಬಿಚ್ಚಿ ಹೋಗಿದ್ದು ನೋಡೇನ್ರಿ ಅಕ್ಕಾ. ಮುಂದ ಬರೀ ಮೋಡ..."

ಅವರು ಬೂಟಿನ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿದರು. ಆಮೇಲೆ ಕೇಳಿದರು:

"ಅವತ್ತು ನೀವೂ ಬರ್ತೀರಾ? ನಾನು ಮೇಲೆ ಹೋದಾಗ ನನ್ ಚಪ್ಪಲಿ ನೋಡ್ಕೊಳ್ಳೋಕೆ ಒಬ್ರು ಬೇಕು."

ಬರ್ತೇನ್ರಿ ಎಂದೆ. ಅವರು ಹೊರಟ ಮೇಲೆ ನೋಡಿದರೆ ಬೂಟು ನನ್ನ ಬಳಿಯೇ ಉಳಿದಿತ್ತು. ಅವತ್ತಿನ ಹಾಗೆ ಎರಡನ್ನೂ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತೆ. ಈ ಸಲ ಇಸಿದುಕೊಳ್ಳಲು ಆಂಟಿ ಬರುವುದಿಲ್ಲ.