ಹತ್ತು ಮೈಲಿಯ ಪಟ್ಟಿ

ನನ್ನ ಸೋದರತ್ತೆ ಒಂದು ದಿನವೂ ವಿಮಾನ ಹತ್ತಿದವಳಲ್ಲ. ಆದರೂ ವಿಮಾನ ಹಾರಿಸಲು ಕಲಿಸುವ ಆ ಶಾಲೆಯಲ್ಲಿ ಅವಳ ಕಣ್ಣು ತಪ್ಪಿಸಿ ಒಂದು ನಕ್ಷೆಯೂ ಆಚೆ ಹೋಗುತ್ತಿರಲಿಲ್ಲ. ಮೋಡ ಮುಸುಕಿ ಹೊರಗೆ ಏನೂ ಕಾಣದಾಗ ಪೈಲಟ್ ಎದುರಿನ ಉಪಕರಣಗಳನ್ನಷ್ಟೇ ನಂಬಿ ರನ್‌ವೇಗೆ ಇಳಿಯುತ್ತಾನಲ್ಲ, ಆ ಇಳಿಯುವ ದಾರಿಯ ನಕ್ಷೆಗಳು. ಹಳೆಯ ಹಾಳೆ ಕಿತ್ತು ಹೊಸದು ಸೇರಿಸುವುದು, ತಾರೀಖು ಹಾಕುವುದು, ಇಪ್ಪತ್ತಾರು ವರ್ಷ ಅದೇ ಕೆಲಸ. ಪಕ್ಕದ ಕೋಣೆಯಲ್ಲಿ, ಜೆರಾಕ್ಸ್ ಯಂತ್ರದ ಮುಂದೆ ನಾನು.

ಕನ್ನಡಕದ ಡಬ್ಬಿಯಲ್ಲಿ ಅವಳು ಯಾವಾಗಲೂ ಒಂದು ಖಾಲಿ ಕಾಗದದ ಪಟ್ಟಿ ಇಟ್ಟುಕೊಂಡಿರುತ್ತಿದ್ದಳು. ವಿದ್ಯಾರ್ಥಿಗಳು "ಪಟ್ಟಿ ಮೇಡಂ" ಎಂದು ಆಡಿಕೊಳ್ಳುತ್ತಿದ್ದರು. ಆಡಿಕೊಂಡವರೇ ಪರೀಕ್ಷೆ ಹತ್ತಿರ ಬಂದಾಗ ಅವಳ ಮೇಜಿನ ಸುತ್ತ ಮುತ್ತಿಕೊಳ್ಳುತ್ತಿದ್ದರು.

"ನಕ್ಷೆಯ ಕೆಳಗಿನ ಚಿತ್ರ ವಿಮಾನ ಇಳಿಯೋದನ್ನ ಪಕ್ಕದಿಂದ ನೋಡಿದ್ದು. ಅದನ್ನ ಅಳತೆಗೆ ಸರಿಯಾಗಿ ಬರೆದಿರಲ್ಲ, ಅಲ್ಲಿರೋ ಅಂಕಿ ಮಾತ್ರ ಓದಿ," ಎನ್ನುತ್ತಿದ್ದಳು. "ಮೇಲಿನ ಚಿತ್ರ ಆಕಾಶದಿಂದ ನೋಡಿದ್ದು, ಅದನ್ನ ಅಳೀಬಹುದು. ಆದ್ರೆ ಇಂಚುಪಟ್ಟಿ ಎತ್ತಿಡಿ. ಇಂಥ ಕಾಗದದ ಪಟ್ಟಿ ಮೇಲೆ ಎರಡು ಗುರುತು ಹಾಕ್ಕೊಳ್ಳಿ. ನಕ್ಷೆ ಅಂಚಲ್ಲಿ ಮೈಲಿ ಮೈಲಿಗೂ ಗೆರೆ ಎಳೆದಿರೋ ಅಳತೆಗೋಲಿದೆಯಲ್ಲ, ಅದರ ಪಕ್ಕ ಇಟ್ಟು ನೋಡಿ. ಅದೊಂದೇ ಸುಳ್ಳು ಹೇಳಲ್ಲ."

ಒಮ್ಮೆ ಅತ್ತೆ ರಜೆಯಲ್ಲಿದ್ದಾಗ ಮುಖ್ಯ ಬೋಧಕರಾದ ಕ್ಯಾಪ್ಟನ್ ಪರೀಕ್ಷೆಯ ನಕ್ಷೆ ಹಿಡಿದು ನನ್ನ ಹತ್ತಿರ ಬಂದರು. ಅಕ್ಷರ ಬಹಳ ಸಣ್ಣದು, ದೊಡ್ಡದು ಮಾಡಿ ತೆಗೆದುಕೊಡು ಎಂದರು. ನೂರ ನಲವತ್ತೊಂದು ಪರ್ಸೆಂಟ್ ಎಂದು ಒತ್ತಿದೆ. ದಾರಿ, ಬೆಟ್ಟ, ಅಂಚಿನ ಅಳತೆಗೋಲು ಎಲ್ಲವೂ ಒಟ್ಟಿಗೆ ಹಿಗ್ಗಿದವು. ಕೆಳಗೆ ಅಚ್ಚಾಗಿದ್ದ "ಒಂದು ಇಂಚಿಗೆ ಐದು ಮೈಲಿ" ಎಂಬ ಮಾತು ಮಾತ್ರ ಐದಾಗಿಯೇ ಉಳಿಯಿತು. ನನ್ನ ಮಂಡೆಗೆ ಅದು ಹೊಳೆಯಲೇ ಇಲ್ಲ.

ವಿಮಾನ ತಿರುಗುವ ಜಾಗದಿಂದ ರನ್‌ವೇ ಎಷ್ಟು ದೂರ ಎಂಬುದು ಪ್ರಶ್ನೆ. ಹನ್ನೆರಡು ಜನ ಇಂಚುಪಟ್ಟಿ ಇಟ್ಟು ಹದಿನಾಲ್ಕು ಮೈಲಿ ಎಂದು ಬರೆದರು. ಅದೇ ಪ್ರತಿಯನ್ನು ಅಳೆದಿದ್ದ ಕ್ಯಾಪ್ಟನ್ನರ ಉತ್ತರವೂ ಹದಿನಾಲ್ಕೇ. ಒಬ್ಬಳು ಮಾತ್ರ ಕಾಗದದ ಪಟ್ಟಿ ಇಟ್ಟು ಹತ್ತು ಎಂದು ಬರೆದಿದ್ದಳು. ಮಾತು ಕಡಿಮೆ ಎಂದು ಎಲ್ಲರೂ ಅವಳನ್ನು ಮೌನಿ ಎನ್ನುತ್ತಿದ್ದರು. ಎರಡು ಸಲ ಫೇಲಾಗಿದ್ದವಳು ಈಗ ಆ ಒಂದು ಅಂಕಕ್ಕೆ ಮೂರನೆಯ ಸಲವೂ ಫೇಲ್. ಮೂರು ಸಲ ಫೇಲಾದರೆ ಶಾಲೆಯಿಂದ ಹೊರಗೆ. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಫಲಿತಾಂಶದ ಹಾಳೆಯಲ್ಲಿ "ನಕ್ಷೆ ಸರಿಯಾಗಿದೆ" ಎಂಬುದಕ್ಕೆ ಅತ್ತೆಯ ಸಹಿ ಬೀಳಬೇಕಿತ್ತು. ಅವಳು ಉತ್ತರಗಳನ್ನು ನೋಡಿದಳು. ಡಬ್ಬಿಯಿಂದ ಪಟ್ಟಿ ತೆಗೆದು ನಕ್ಷೆಯ ಅಳತೆಗೋಲಿನ ಪಕ್ಕ ಇಟ್ಟಳು. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿಬಿಟ್ಟಳು.

"ಹಾಕಲ್ಲ ಸಾರ್. ಹತ್ತೇ ಸರಿ."

"ಒಂದು ಅಂಕಕ್ಕೆ ಇಷ್ಟು ರಂಪಾನಾ? ವಿಮಾನ ಹತ್ತದೇ ಇರೋರು ನನಗೆ ದೂರ ಹೇಳಿಕೊಡ್ತೀರಾ?"

"ಹತ್ತಿಲ್ಲ ಸಾರ್. ಅದಕ್ಕೇ ಕಾಗದ ನೋಡೋಕೆ ಪುರುಸೊತ್ತಿದೆ. ಯಂತ್ರ ಕಾಗದಾನ ಹಿಗ್ಗಿಸುತ್ತೆ, ಬೆಟ್ಟಾನ ಆಚೆ ತಳ್ಳಲ್ಲ. ಇನ್ನೂ ನಾಲ್ಕು ಮೈಲಿ ಇದೆ ಅಂದ್ಕೊಂಡು ಮೋಡದೊಳಗೆ ಬರೋರಿಗೆ ಆ ನಾಲ್ಕು ಮೈಲಿ ಎಲ್ಲಿಂದ ತಂದ್ಕೊಡ್ತೀರಿ?"

ಕ್ಯಾಪ್ಟನ್ ಮುಖ ಕೆಂಪಾಯಿತು. ಅತ್ತೆ ಕೆಂಪು ಪೆನ್ನು ತೆಗೆದು ಸಹಿಯ ಜಾಗದಲ್ಲಿ ಬರೆದಳು: "ಹಿಗ್ಗಿಸಿದ ಪ್ರತಿ. ಇಂಚಿನಿಂದ ಅಳೆಯಬಾರದು. ಸರಿಯುತ್ತರ ಹತ್ತು."

"ಹಿಗ್ಗಿಸಿದ್ದು ಯಾರು ಅಂತಾನೂ ಬರೀರಿ," ಎಂದರು ಕ್ಯಾಪ್ಟನ್. "ಯಾರ ಕೆಲಸ ಹೋಗುತ್ತೋ ನೋಡೋಣ."

ಅತ್ತೆಯ ಕೈ ಅಲ್ಲೇ ನಿಂತಿತು. ಅವಳ ಪೆನ್ನು ತಡವರಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಹೋಗಿ ಪೆನ್ನು ಕಿತ್ತುಕೊಂಡು ಅವಳ ಸಾಲಿನ ಕೆಳಗೆ ಬರೆದೆ: "ಹಿಗ್ಗಿಸಿದ್ದು ನಾನು. ಹಿಗ್ಗಿಸಲು ಹೇಳಿದ್ದು ಕ್ಯಾಪ್ಟನ್."

"ನಾಳೆಯಿಂದ ಇಬ್ಬರೂ ಈ ಕಡೆ ತಲೆ ಹಾಕಬೇಡಿ!"

ಅತ್ತೆ ಕೈಚೀಲ ಹೆಗಲಿಗೇರಿಸಿದಳು. "ಆಗಲಿ ಸಾರ್. ನಮ್ಮನೆ ಮೂರು ಮೈಲಿ. ನಿಮ್ಮ ಲೆಕ್ಕದಲ್ಲಿ ನಾಲ್ಕೂಕಾಲು ಆಗುತ್ತೆ. ಸ್ವಲ್ಪ ಬೇಗಾನೇ ಹೊರಡ್ತೀವಿ."

ಹಾಳೆಗೆ ಕ್ರಮಸಂಖ್ಯೆಯಿತ್ತು, ಹರಿದು ಬುಟ್ಟಿಗೆ ಹಾಕುವಂತಿರಲಿಲ್ಲ. ಮೇಲಿನವರ ಮೇಜಿಗೆ ಹೋಯಿತು. ಅವರು ಮೂಲ ನಕ್ಷೆ ತರಿಸಿ ಅಳೆದರು. ಮೌನಿ ಪಾಸಾದಳು, ಉಳಿದ ಹನ್ನೆರಡು ಜನ ಮತ್ತೆ ಪರೀಕ್ಷೆಗೆ ಕೂತರು. ಹದಿನಾರನೆಯ ದಿನ ಕೆಲಸಕ್ಕೆ ವಾಪಸ್ ಬನ್ನಿ ಎಂದು ನಮಗೂ ಕರೆ ಬಂತು. ಕ್ಷಮೆಯ ಮಾತು ಯಾರ ಬಾಯಿಂದಲೂ ಬರಲಿಲ್ಲ, ಅತ್ತೆ ಕಾಯಲೂ ಇಲ್ಲ.

ಹೋಗಿ ನೋಡಿದರೆ ನನ್ನ ಯಂತ್ರದ ಮೇಲಿನ ಗೋಡೆಗೆ ಅಂಗೈಯಗಲದ ಒಂದು ಸೂಚನೆ ಅಂಟಿಸಿದ್ದರು: "ನಕ್ಷೆಗಳನ್ನು ಹಿಗ್ಗಿಸಿ ಪ್ರತಿ ತೆಗೆಯಕೂಡದು." ಕೆಳಗೆ ಕ್ಯಾಪ್ಟನ್ನರ ಸಹಿ. ಅತ್ತೆ ಕನ್ನಡಕ ಏರಿಸಿ ಎರಡು ಸಲ ಓದಿದಳು.

"ಅಕ್ಷರ ಬಹಳ ಸಣ್ಣದಾಯ್ತು ಕಣೋ," ಎಂದಳು. "ಇದನ್ನ ಬೇಕಾದ್ರೆ ದೊಡ್ಡದು ಮಾಡಿ ಹಾಕು."