ಅರ್ಧ ಕಾಯುವ ಸೂಜಿ

ನಮ್ಮ ಅತ್ತಿಗೆ ಅಕ್ಕಯಮ್ಮನ ವಿಷಯ ಹೇಳಲು ಕೂತರೆ ನನಗೆ ಮೊದಲು ಸಿಟ್ಟು ಬರುತ್ತದೆ. ಅವಳ ಮೇಲಲ್ಲ, ನಮ್ಮೂರಿನವರ ಮೇಲೆ. ನಾನು ಬೆಂಗಳೂರಿನ ಬಿಟಿಎಸ್ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಚಿಲ್ಲರೆ ಇಲ್ಲ ಅನ್ನುವವರ ಜೊತೆ, ಫುಟ್‌ಬೋರ್ಡ್ ಬಿಟ್ಟು ಒಳಗೆ ಬಾರದವರ ಜೊತೆ ದಿನಾ ಗಂಟಲು ಹರಿದುಕೊಂಡು ಕೋಪವನ್ನು ಮೂಗಿನ ತುದಿಯಲ್ಲೇ ಇಟ್ಟುಕೊಂಡವನು. ದಾಸಪ್ಪನಿಗೆ ತಾಳ್ಮೆ ಇಲ್ಲ ಅಂತ ಡಿಪೋದಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು. ಇಲ್ಲ ಅಂದರೆ ಇಲ್ಲ, ಏನೀಗ?

ಎಪ್ಪತ್ತರ ದಶಕದ ನಡುವಿನ ಮಾತು. ಬನಶಂಕರಿ ಬಡಾವಣೆಯ ಸೈಟು ಕಲ್ಲುಗಳು ನಮ್ಮೂರು ಕತ್ರಿಗುಪ್ಪೆಯ ರಾಗಿ ಹೊಲಗಳವರೆಗೂ ಬಂದು ನಿಂತಿದ್ದವು. ಊರು ಮಾತ್ರ ಇನ್ನೂ ಊರಾಗಿಯೇ ಇತ್ತು. ಒಂದು ಸೇದುವ ಬಾವಿ, ಮಾರಮ್ಮನ ಗುಡಿ, ಊರಾಚೆ ಹುಣಸೆ ತೋಪು. ಅತ್ತಿಗೆ ಅಲ್ಲೇ ಹುಟ್ಟಿ, ಅದೇ ಊರಿನಲ್ಲಿ ನಮ್ಮ ಅಣ್ಣ ಹನುಮಯ್ಯನನ್ನು ಮದುವೆಯಾದವಳು. ಬೆಳಿಗ್ಗೆ ಸೊಪ್ಪಿನ ಮಂಕರಿ ಹೊತ್ತು ತ್ಯಾಗರಾಜನಗರದ ಬೀದಿಗಳಲ್ಲಿ ಮಾರಿ, ಮಧ್ಯಾಹ್ನ ಬಂದು ಮುದ್ದೆಗೆ ಎಸರಿಡುತ್ತಿದ್ದಳು. ಅಣ್ಣ ಹಿಂದೊಮ್ಮೆ ಬಂದಿದ್ದ ಕಾಲರಾದಲ್ಲಿ ಹೋದ. ಬೆಳಿಗ್ಗೆ ನೇಗಿಲು ಹೊತ್ತು ಹೋದವನನ್ನು ಸಂಜೆಗೆ ಮಣ್ಣು ಮಾಡಿ ಬಂದೆವು. ಉಳಿದದ್ದು ಒಬ್ಬಳೇ ಮಗಳು. ಶಾಲೆಯ ಮೇಡಂ ಇಟ್ಟ ಹೆಸರು ಜಯಶೀಲಾ. ಊರಿನವರ ಬಾಯಲ್ಲಿ ಜಯ್‌ಶೀಲಿ. ಅವಳು ಹೊಟ್ಟೆ ನೋವು ಅಂದರೆ ಸಾಕು, ಅತ್ತಿಗೆ ಮಾಡುವ ಕೆಲಸ ಬಿಟ್ಟು ಓಡಿ ಬರುತ್ತಿದ್ದಳು.

ಆ ಬೇಸಿಗೆ ಕಾಲರಾ ಮತ್ತೆ ಬಂತು. ಅದು ನಮ್ಮೂರಿನದೇ ಪಿಡುಗೇನೂ ಅಲ್ಲ, ವರ್ಷಗಟ್ಟಲೆಯಿಂದ ದೇಶದಿಂದ ದೇಶಕ್ಕೆ ಹಬ್ಬುತ್ತಲೇ ಇದೆ ಅಂತ ಪೇಪರಿನಲ್ಲಿ ಬರೆದಿದ್ದರು. ನಮಗೆ ಗೊತ್ತಾದದ್ದು ಕೆರೆ ಏರಿಯ ಕೆಳಗಿನ ಮನೆಯಲ್ಲಿ ಗಂಡ ಹೆಂಡತಿ ಒಟ್ಟಿಗೆ ಸತ್ತಾಗ. ತ್ಯಾಗರಾಜನಗರದ ಮನೆಗಳಿಗೆ ಅವರವರ ಡಾಕ್ಟರೇ ಬಂದು ಸೂಜಿ ಚುಚ್ಚಿ ಹೋಗಿದ್ದರಂತೆ. ಸೊಪ್ಪು ಕೊಳ್ಳುವ ಹೆಂಗಸರು ಊದಿದ ರಟ್ಟೆ ತೋರಿಸಿ ಹಾಗೆ ಹೇಳಿದ ದಿನದಿಂದ ಅತ್ತಿಗೆಗೆ ಒಂದೇ ಧ್ಯಾನ. ಜಯಶೀಲಾಗೆ ಆ ಸೂಜಿ ಹಾಕಿಸಬೇಕು.

ನನ್ನ ವಾರದ ರಜೆಯೆಲ್ಲ ಆರೋಗ್ಯ ಕಚೇರಿಗೆ ಅಲೆಯುವುದರಲ್ಲೇ ಹೋಯಿತು. ಮದ್ದು ಬಂದಿಲ್ಲ, ಬಂದಾಗ ವ್ಯಾನೇ ಊರಿಗೆ ಬರುತ್ತೆ, ಹೋಗಿ ಅಂದರು. ಯಾವತ್ತು ಅಂತ ಕೇಳಿದರೆ ತಲೆ ಎತ್ತಿಯೂ ನೋಡಲಿಲ್ಲ. ಟೇಬಲ್ ಕುಟ್ಟಿ ಬಂದೆ. ಅದರಿಂದೇನೂ ಮದ್ದು ಬೇಗ ಬರಲಿಲ್ಲ. ಅತ್ತಿಗೆ ಸೊಪ್ಪು ಮಾರುವುದನ್ನೂ ಬಿಟ್ಟು ಊರಬಾಗಿಲಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಜೀಪು, ಲಾರಿ, ಏನು ಬಂದರೂ ಎದ್ದು ನಿಲ್ಲುತ್ತಿದ್ದಳು.

ಊರಿನವರು ತಮ್ಮ ಪಾಡಿಗೆ ತಮ್ಮ ದಾರಿ ಹಿಡಿದಿದ್ದರು. ಅತ್ತಿಗೆಯ ಒಡಹುಟ್ಟಿದ ಅಣ್ಣ ಪಿಳ್ಳಪ್ಪನೇ ಊರಿಗೆ ಯಜಮಾನ. ಮಾರಿಯನ್ನು ಗಡಿ ದಾಟಿಸಬೇಕು ಅಂತ ಅವನು ಮಂಗಳವಾರ ಗೊತ್ತು ಮಾಡಿದ. ನಮ್ಮಲ್ಲಿ ಅದರ ಕ್ರಮ ಹೀಗೆ. ಹೊತ್ತು ಹುಟ್ಟುವ ಮೊದಲೇ ಮನೆಮನೆಗೂ ಬೀಗ ಬೀಳಬೇಕು, ಹಸುಗೂಸಿನಿಂದ ಹಿಡಿದು ಮುದುಕರವರೆಗೆ ಎಲ್ಲರೂ ತೋಪಿಗೆ ಹೋಗಿ ಅಲ್ಲೇ ಒಲೆ ಹೂಡಿ ಹಗಲು ಕಳೆಯಬೇಕು. ಯಜಮಾನನ ಮನೆಯಲ್ಲಿ ಹುಟ್ಟಿದ ಹೆಣ್ಣುಮಗಳು ಮಣ್ಣಿನ ಮಾರಿಯನ್ನು ಬೇವಿನ ಸೊಪ್ಪಿನ ಮೇಲೆ ಮೊರದಲ್ಲಿಟ್ಟು, ತಲೆಯ ಮೇಲೆ ಹೊತ್ತು, ಒಬ್ಬಳೇ ಹೋಗಿ ಗಡಿಯಾಚೆ ಇಳಿಸಿ ಬರಬೇಕು. ವಾಪಸು ತೋಪು ಮುಟ್ಟುವವರೆಗೆ ತಿರುಗಿ ನೋಡಬಾರದು. ನೋಡಿದರೆ ಮಾರಿ ಅವಳ ಬೆನ್ನು ಹತ್ತಿ ಊರಿಗೆ ಬರುತ್ತಾಳೆ. ಆ ಮೊರ ಹೊರುವ ಹಕ್ಕು ನಮ್ಮ ಅತ್ತಿಗೆಯದು. ಗಂಡ ಸತ್ತರೂ ಹುಟ್ಟಿದ ಮನೆಯ ಹಕ್ಕು ಹೋಗುವುದಿಲ್ಲವಲ್ಲ.

ಆ ಮಂಗಳವಾರ ಅತ್ತಿಗೆ ಮಾರಿಯನ್ನು ಹೊತ್ತುಕೊಂಡು ಹೋದಳು. ಗಡಿ ಅನ್ನುವುದು ಆಗ ಯಾರೋ ಆಫೀಸರು ಕಟ್ಟಿಸುತ್ತಿದ್ದ ಮನೆಯ ಕಾಂಪೌಂಡಿನ ಮಗ್ಗುಲಿಗೆ ಬಂದಿತ್ತು. ಅಲ್ಲಿ ಮೊರ ಇಳಿಸಿ, ಕೈಮುಗಿದು, ತೋಪಿನ ಕಡೆ ಸ್ವಲ್ಪ ದೂರ ನಡೆದಿದ್ದಳಷ್ಟೆ. ಬೆನ್ನ ಹಿಂದೆ ರಸ್ತೆಯಲ್ಲಿ ವ್ಯಾನಿನ ಸದ್ದು ಕೇಳಿತು. ಸೂಜಿಯ ವ್ಯಾನು! ಇಷ್ಟು ದಿನ ಬಾರದ್ದು ಅವತ್ತೇ ಬಂದು, ಊರೊಳಗೆ ನಾಯಿಗಳ ಹೊರತು ಒಂದು ನರಪಿಳ್ಳೆಯೂ ಕಾಣದೆ ವಾಪಸು ಹೊರಟಿತ್ತು. ಅತ್ತಿಗೆ ತಿರುಗಿ ನೋಡಿದಳು. ನೋಡಿದ್ದಷ್ಟೇ ಅಲ್ಲ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮಾರಿಯನ್ನು ಇಳಿಸಿದ ಜಾಗವನ್ನೂ ದಾಟಿ ಓಡಿ ವ್ಯಾನನ್ನು ನಿಲ್ಲಿಸಿದಳು.

ಅವಳು ತೋಪಿಗೆ ಬಂದದ್ದು ವ್ಯಾನಿನಲ್ಲಿ, ಡ್ರೈವರ್ ಪಕ್ಕ ಕೂತು. ಒಲೆಯ ಮುಂದಿದ್ದವರೆಲ್ಲ ಎದ್ದು ನಿಂತರು. ಪಿಳ್ಳಪ್ಪನ ಮುಖ ಸಪ್ಪಗಾಯಿತು.

"ತಿರುಗಿ ನೋಡಿದ್ಯಾ?" ಅಂದ.

"ನೋಡ್ದೆ ಕಣಣ್ಣ. ನೋಡದೆ ಇದ್ದಿದ್ರೆ ಸೂಜಿ ಹೋಗ್ತಿತ್ತು."

ಜನ ಗೊಣಗಿದರು, ಆದರೆ ಅಷ್ಟರಲ್ಲಿ ಸ್ಟೌವಿನ ಮೇಲೆ ಸೂಜಿ ಕುದಿಯಲು ಇಟ್ಟಾಗಿತ್ತು. ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಊರಿಗೆ ಊರೇ ಮರಗಳ ಕೆಳಗಿತ್ತು, ಅಟ್ಟದ ಮೇಲೆ ಕಣಜದ ಹಿಂದೆ ಬಚ್ಚಿಟ್ಟುಕೊಳ್ಳಲು ಯಾರಿಗೂ ಜಾಗವಿರಲಿಲ್ಲ. ಹುಣಸೆ ಮರ ಸುತ್ತಿ ಓಡಿದ ಗಂಡಸರನ್ನು, ಟಿಕೆಟ್ ಇಲ್ಲದವರನ್ನು ಹಿಡಿದ ಹಾಗೆ, ನಾನೇ ಕಾಲರ್ ಹಿಡಿದು ತಂದೆ. ಮೀಸೆ ಇದ್ದವರೇ ಹೆಚ್ಚು ಕಿರುಚಿದರು.

ಬಂದಿದ್ದ ಡಾಕ್ಟರು ಕಾತ್ಯಾಯಿನಿ ಅಂತ. ಜಯಶೀಲಾಗೆ ಚುಚ್ಚುವ ಮೊದಲು ಅತ್ತಿಗೆ ಅವರ ಕೈ ತಡೆದು ಕೇಳಿದಳು.

"ಇದು ಹಾಕಿಸಿದ್ರೆ ನನ್ ಮಗಳಿಗೆ ಕಾಲರಾ ಬರಲ್ಲ ಅಲ್ವಾ, ತಾಯಿ?"

ಆ ಪುಣ್ಯಾತ್ಗಿತ್ತಿ ಸುಳ್ಳು ಹೇಳಲಿಲ್ಲ. "ಹೆಚ್ಚುಕಡಿಮೆ ಅರ್ಧ ಜನಕ್ಕೆ ತಡೆಯುತ್ತೆ. ಅದೂ ಕೆಲವು ತಿಂಗಳು ಮಾತ್ರ" ಅಂದರು.

"ನನ್ ಮಗಳು ಯಾವ ಅರ್ಧದಲ್ಲಿ ಬರ್ತಾಳೆ?"

"ಅದು ಯಾರಿಗೂ ಗೊತ್ತಾಗಲ್ಲಮ್ಮ. ಅದಕ್ಕೇ ನೀರು ಕುದಿಸಿ ಕುಡೀರಿ. ಭೇದಿ ಶುರುವಾದ್ರೆ, ಸೂಜಿ ಹಾಕ್ಸಿದೀವಿ ಅಂತ ನಂಬ್ಕೊಂಡು ಕೂರಬೇಡಿ. ಉಪ್ಪು ಹಾಕಿದ ಗಂಜಿ ಕುಡಿಸ್ತಾ ತಕ್ಷಣ ಆಸ್ಪತ್ರೆಗೆ ಕರ್ಕೊಂಡ್ ಬನ್ನಿ."

ಸುತ್ತ ಇದ್ದವರು ನಕ್ಕರು. ಅರ್ಧ ಕಾಯುವ ಮದ್ದಂತೆ, ಅದಕ್ಕಿಷ್ಟು ನೋವು ಬೇರೆ ಅಂತ ಪಿಳ್ಳಪ್ಪನೂ ಗೇಲಿ ಮಾಡಿದ. ಮಾರನೇ ದಿನ ರಟ್ಟೆ ಊದಿ ಜ್ವರ ಬಂದಾಗ ಎಲ್ಲರೂ ಅತ್ತಿಗೆಗೆ ಶಾಪ ಹಾಕಿದರು. ಜ್ವರ ಬಿಟ್ಟ ಮೇಲೆ ಅದೇ ಜನ, ಸೂಜಿ ಬಿದ್ದಾಯ್ತಲ್ಲ, ಇನ್ನೇನು ಭಯ ಅಂತ ಬಾವಿಯ ನೀರನ್ನು ಹಾಗೇ ಎತ್ತಿ ಕುಡಿದರು. ನೀರು ಕಾಯಿಸಲು ಸೌದೆ ಉರಿಸುತ್ತಿದ್ದವಳು ಊರಿನಲ್ಲಿ ಅತ್ತಿಗೆ ಒಬ್ಬಳೇ. ಆದರೆ ಮಗಳನ್ನು ಹಗಲೆಲ್ಲ ಕಟ್ಟಿ ಹಾಕಲು ಆಗುತ್ತದೆಯೇ? ಆಡುವ ಹುಡುಗಿ, ಬಾಯಾರಿದರೆ ಯಾರದೋ ಮನೆಯಲ್ಲಿ ಕುಡಿಯುತ್ತಾಳೆ.

ಮಾರಿಯನ್ನು ಕಳಿಸಿದ ಸಂಜೆಯೇ ಪಿಳ್ಳಪ್ಪ ಊರಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದ ಹಗ್ಗ ಕಟ್ಟಿಸಿದ್ದ. ಎರಡು ವಾರ ಯಾರೂ ಒಳಗೆ ಬರುವಂತಿಲ್ಲ, ಒಳಗಿದ್ದವರು ಹೊರಗೆ ಹೋಗುವಂತಿಲ್ಲ. ನನ್ನಂಥ ಕೆಲಸದವರು ಹೊರಗೇ ಉಳಿಯಬೇಕು. ನಾನು ಡಿಪೋದಲ್ಲಿ ಮಲಗಿ, ಡ್ಯೂಟಿಗೆ ಮುಂಚೆ ಹಗ್ಗದಾಚೆ ನಿಂತು ಅತ್ತಿಗೆಯನ್ನು ಕೂಗಿ ಮಾತಾಡಿಸಿ ಹೋಗುತ್ತಿದ್ದೆ.

ಎರಡನೇ ವಾರ ಒಂದು ಬೆಳಿಗ್ಗೆ ನಾನು ಕೂಗುವ ಮೊದಲೇ ಅತ್ತಿಗೆ ಬರುವುದು ಕಂಡಿತು. ಹೆಗಲ ಮೇಲೆ ಜಯಶೀಲಾ ಜೋತುಬಿದ್ದಿದ್ದಳು, ಸೊಂಟದ ಸೆರಗಿಗೆ ಗಂಜಿಯ ಚೊಂಬು ಕಟ್ಟಿತ್ತು. ಹುಡುಗಿಯ ಕಣ್ಣು ಗುಳಿ ಬಿದ್ದು, ತುಟಿ ಒಣಗಿ ಅಂಟಿಕೊಂಡಿತ್ತು. ನಮ್ಮಣ್ಣನ ಮುಖ ಕೊನೆಯಲ್ಲಿ ಹಾಗೇ ಇತ್ತು. ಅವಳ ಹಿಂದೆಯೇ ಊರಿನವರು ಬಂದರು. ತಿರುಗಿ ನೋಡಿದ್ದಕ್ಕೆ ಮಾರಿ ಇವಳ ಮನೆಗೇ ಬಂದಳು, ಈಗ ಹಗ್ಗದ ಕಟ್ಟನ್ನೂ ಮುರಿದರೆ ಮಾರಿ ಊರನ್ನೇ ಹೊತ್ತುಕೊಂಡು ಹೋಗುತ್ತಾಳೆ ಅಂತ ಬಾಯಿಗೆ ಬಂದ ಹಾಗೆ ಕೂಗಾಡುತ್ತಿದ್ದರು. ಪಿಳ್ಳಪ್ಪ ಮುಂದೆ ಓಡಿ ಬಂದು ಹಗ್ಗಕ್ಕೆ ಅಡ್ಡ ನಿಂತ. ಅವನು ಕೆಟ್ಟವನಲ್ಲ. ಆ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಪರಿಷೆ ತೋರಿಸಿದವನು.

"ನಂಗೂ ಸೋದರ ಸೊಸೆ ಕಣಮ್ಮ ಇವ್ಳು. ಆದ್ರೆ ನಾನು ಊರನ್ನೂ ನೋಡ್ಬೇಕು" ಅಂದ.

ಅತ್ತಿಗೆ ಕೂಗಾಡಲಿಲ್ಲ. "ಅಣ್ಣಾ, ಮಾರಮ್ಮನ್ನ ಹೊತ್ತು ದಾಟ್ಸಿದ ತಲೆ ಇದು. ಅವಳಿಗೆ ಸಿಟ್ಟು ಬಂದ್ರೆ ಈ ತಲೆ ಮೇಲೇ ಬರ್ಲಿ. ನನ್ ಮಗಳನ್ನ ಬಿಡು" ಅಂದಳು.

ಅವನು ಸರಿಯಲಿಲ್ಲ. ಅತ್ತಿಗೆ ಒಂದು ಕೈಯಲ್ಲಿ ಹಗ್ಗ ಹಿಡಿದು ಎಳೆದಳು. ಗೂಟದ ಸಮೇತ ಕಿತ್ತು ಬಂತು. ಮಗುವನ್ನು ನನ್ನ ಕೈಗೆ ಹಾಕಿ, ಗಂಜಿಯ ಚೊಂಬು ತಾನು ಹಿಡಿದು, ನಡಿ ದಾಸಪ್ಪ ಅಂದಳು.

ಬನಶಂಕರಿ ಸ್ಟಾಪಿನಲ್ಲಿ ನಮ್ಮ ಬಸ್ಸು ಹೊರಡಲು ನಿಂತಿತ್ತು. ಡ್ರೈವರ್ ಕರಿಬಸವಯ್ಯ ಮಗುವಿನ ಮುಖ ನೋಡಿದ, ಒಂದು ಮಾತೂ ಕೇಳದೆ ಗೇರು ಹಾಕಿದ. ಜನರನ್ನೆಲ್ಲ ಇಳಿಸಿದೆ. ಪ್ಯಾಂಟಿನವನೊಬ್ಬ ಕಂಪ್ಲೇಂಟ್ ಮಾಡ್ತೀನಿ ಅಂದ. ದಾಸಪ್ಪ ಅಂತ ಬರ್ಕೊಳ್ಳಿ ಸಾರ್, ಕೆಳಗೆ ನಿಂತ್ಕೊಂಡು ಬರ್ಕೊಳ್ಳಿ ಅಂದೆ. ಸೀಟಿ ಊದಿದವನು ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯ ಗೇಟಿನವರೆಗೆ ಎಲ್ಲೂ ನಿಲ್ಲಿಸಲು ಬಿಡಲಿಲ್ಲ. ದಾರಿಯುದ್ದಕ್ಕೂ ಅತ್ತಿಗೆ ಚಮಚದಲ್ಲಿ ಗಂಜಿ ಹಾಕುತ್ತಿದ್ದಳು. ಹುಡುಗಿ ಕಕ್ಕಿದರೆ ಒರೆಸಿ ಮತ್ತೆ ಹಾಕುತ್ತಿದ್ದಳು.

ಆಸ್ಪತ್ರೆಯಲ್ಲಿ ಎರಡೂ ಕೈಗೆ ಸಲೈನ್ ಏರಿಸಿದರು. ಬಾಟಲಿ ಮೇಲೆ ಬಾಟಲಿ ಖಾಲಿಯಾಯಿತು. ಸಂಜೆ ಹೊತ್ತಿಗೆ ನರ್ಸು ಹೊರಗೆ ಬಂದು, ಮಗು ಉಚ್ಚೆ ಹೊಯ್ತು, ಇನ್ನು ಪರವಾಗಿಲ್ಲ ಅಂದಳು. ಉಚ್ಚೆ ಹೊಯ್ದದ್ದಕ್ಕೆ ಯಾರಾದರೂ ಹಾಗೆ ಕುಣಿದಾಡಿದ್ದನ್ನು ಆ ಆಸ್ಪತ್ರೆಯವರು ನೋಡಿರಲಿಕ್ಕಿಲ್ಲ. ನಾನು ಕಾರಿಡಾರಿನಲ್ಲಿ ಹುಚ್ಚನ ಹಾಗೆ ನಕ್ಕೆ. ಅತ್ತಿಗೆ ಮಾತ್ರ ಗೋಡೆಗೆ ಒರಗಿ ಕೂತಿದ್ದಳು.

ಕೆಲವು ದಿನ ಬಿಟ್ಟು ಪಿಳ್ಳಪ್ಪ ಬಂದ. ಒಳಗೆ ಬರಲಿಲ್ಲ, ವಾರ್ಡಿನ ಕಿಟಕಿಯ ಆಚೆ ನಿಂತ. ಮಂಚದ ಮೇಲೆ ಕೂತು ಬ್ರೆಡ್ಡು ತಿನ್ನುತ್ತಿದ್ದ ಜಯಶೀಲಾಳನ್ನು ಬಹಳ ಹೊತ್ತು ನೋಡಿದ. ಆಮೇಲೆ ತಂಗಿಯ ಮುಖ ನೋಡದೆ ಹೇಳಿದ.

"ಇನ್ಮೇಲೆ ಮೊರ ನಿಂಗೆ ಕೊಡಲ್ಲ ಅಂತ ಊರೋರು ತೀರ್ಮಾನ ಮಾಡವ್ರೆ. ನಾನೂ ಹೂಂ ಅಂದೆ."

ಅತ್ತಿಗೆ ಆಗಲಿ ಅಂದಳು. ಅವನು ಹೋಗಲಿಲ್ಲ. ಸರಳು ಹಿಡಿದುಕೊಂಡು ಅಲ್ಲೇ ನಿಂತಿದ್ದ.

"ನೀನು ಕಿತ್ತ ಹಗ್ಗಾನ ತಿರ್ಗಾ ಕಟ್ಟು ಅಂದ್ರು. ಕಟ್ಟೋಕೆ ನಂಗೆ ಕೈ ಬರ್ಲಿಲ್ಲ ಕಣಮ್ಮ. ಹಂಗೇ ಬಿಟ್ಬುಟ್ಟೆ. ನಿನ್ ಹಿಂದೇನೇ ಮೂರು ಜನ ಆ ದಾರೀಲಿ ಆಸ್ಪತ್ರೆಗೆ ಬಂದ್ರು. ಆ ಕಡೆ ವಾರ್ಡ್‌ನಲ್ಲವ್ರೆ, ಮೂರೂ ಜನ ಬದುಕವ್ರೆ" ಅಂದ. ಆ ವಾರ್ಡಿನ ಕಡೆ ತಿರುಗಿ, "ಅವ್ರಲ್ಲಿ ನನ್ ಹೆಂಡ್ತೀನೂ ಒಬ್ಳು" ಅಂದ.

ಅಷ್ಟು ದಿನ ಒಂದು ಹನಿ ಕಣ್ಣೀರು ಹಾಕದ ಅತ್ತಿಗೆ, ಕಿಟಕಿಯ ಸರಳಿನಾಚೆ ಕೈ ಚಾಚಿ ಅಣ್ಣನ ಕೈ ಹಿಡಿದುಕೊಂಡು ಗೊಳೋ ಎಂದು ಅತ್ತಳು.