ಹಡಗಲಿಯಲ್ಲಿ ಕುಡಿಯದೆ ಬಂದ ಮಜ್ಜಿಗೆ

ಡಾಕ್ಟ್ರಮ್ಮಾ, ಹಡಗಲಿಯ ವಕೀಲರು ನಿಮ್ಮ ಕೇಸು ಬೇಡವೆನ್ನಲಿಲ್ಲ. ಬೇಡವೆಂದರು ಎಂದು ನಾನು ಸುಳ್ಳು ಹೇಳಿದೆ.

ಕೊಟ್ಟೂರಿನಲ್ಲಿ ನಿಮ್ಮ ಕ್ಲಿನಿಕ್ಕು, ಪಕ್ಕದಲ್ಲೇ ನನ್ನ ಔಷಧಿ ಅಂಗಡಿ. ತಪ್ಪು ಇಂಜೆಕ್ಷನ್ ಕೊಟ್ಟಿರೆಂದು ಯಾರೋ ದೂರು ಹಾಕಿದರು. ವಿಚಾರಣೆ ಮುಗಿಯುವವರೆಗೆ ರೋಗಿಗಳನ್ನು ನೋಡಬಾರದೆಂದು ನಿಮ್ಮ ನೋಂದಣಿಯನ್ನು ತಾತ್ಕಾಲಿಕವಾಗಿ ತಡೆಹಿಡಿದರು. "ನನಗ ಕೋರ್ಟು ಕಚೇರಿ ತಿಳಿಯಂಗಿಲ್ಲ. ಒಬ್ಬ ಚಲೋ ವಕೀಲರನ್ನ ನೀವ ನೋಡ್ರಿ" ಎಂದಿರಿ.

ಇಂಥ ಕೇಸಿನಲ್ಲಿ ಪಳಗಿದವರು ಈ ಕಡೆಗೆಲ್ಲ ಹಡಗಲಿಯ ಅವರೊಬ್ಬರೇ. ಆದರೆ ಅವರ ಮಗನಿಗೂ ನನ್ನ ಮಗಳಿಗೂ ಆಗಿದ್ದ ನಿಶ್ಚಯ ಮುರಿದಾಗಿನಿಂದ ಒಬ್ಬರ ಮನೆಯಲ್ಲಿ ಇನ್ನೊಬ್ಬರು ನೀರು ಮುಟ್ಟುತ್ತಿರಲಿಲ್ಲ. ಆದರೂ ಹೋದೆ — ಅವರೇ ಆಗದು ಎಂದುಬಿಡಲಿ ಎಂದು ಒಳಗೊಳಗೇ ಹಾರೈಸುತ್ತ ಹೋದೆನೇನೋ... ಅವರು ಕುರ್ಚಿ ಹಾಕಿಸಿ, ಮಜ್ಜಿಗೆ ತರಿಸಿದರು.

"ಹಳೇದು ಬಿಡ್ರಿ ಬೀಗರ. ಆ ತಾಯಿ ಸಲುವಾಗಿ ನಾನು ಬರ್ತೀನಿ."

ಬೀಗರಂತೆ! ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ದೊಡ್ಡತನ ನನ್ನ ಹೊಟ್ಟೆ ಉರಿಸಿತು. ಲೋಟ ಮುಟ್ಟದೆ ಎದ್ದು ಬಂದೆ. ಬೇರೆ ವಕೀಲರು ಸಿಕ್ಕರೆಂದು ಅವರಿಗೆ ಹೇಳಿಕಳಿಸಿದೆ. ನಿಮ್ಮೆದುರು ನಿಂತು, "ಅವರು ಒಲ್ಲೆ ಅಂದಾರ್ರಿ" ಎಂದೆ. ನನ್ನ ಮಗಳ ನಿಶ್ಚಯ ಮುರಿದದ್ದಕ್ಕೂ ನಿಮಗೂ ಏನು ಸಂಬಂಧ — ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದೆ.

ಕೊನೆಗೆ ಹಿಡಿದದ್ದು ನನ್ನ ಭಾವಮೈದುನನನ್ನು. ಹೊಲದ ಬದುವಿನ ವ್ಯಾಜ್ಯ ಬಿಟ್ಟರೆ ಬೇರೇನೂ ತಿಳಿಯದ ವಕೀಲ. ನಮ್ಮವನು ಎಂಬುದೊಂದೇ ಅವನ ಅರ್ಹತೆ. ನಿಮ್ಮ ಪರವಾಗಿ ಹೇಳಬೇಕಾದ್ದನ್ನು ಅವನು ಹೇಳಲೇ ಇಲ್ಲ. ತಡೆ ಹಾಗೇ ಉಳಿಯಿತು. ನಿಮ್ಮದೇನೂ ತಪ್ಪಿಲ್ಲವೆಂದು ತೀರ್ಮಾನವಾಗುವ ಹೊತ್ತಿಗೆ ಊರು ನಿಮ್ಮನ್ನು ಡುಪ್ಲಿಕೇಟ್ ಡಾಕ್ಟರ್ ಎಂದು ಕರೆದು ಮುಗಿಸಿತ್ತು. ನೀವು ಬೋರ್ಡು ಇಳಿಸಿದಿರಿ. ಮತ್ತೆ ಹಾಕಲಿಲ್ಲ.

ಮೊನ್ನೆ ಕೂಡ್ಲಿಗಿಯ ಮದುವೆಯಲ್ಲಿ ಹಡಗಲಿಯ ವಕೀಲರು ನಿಮಗೆ ಕೈಮುಗಿದರು. ನೀವು ಮುಖ ತಿರುಗಿಸಿ ನನ್ನ ಪಕ್ಕದಲ್ಲಿ ಬಂದು ಕುಳಿತಿರಿ.

"ಕಷ್ಟದಾಗ ಕೈ ಹಿಡಿದವರು ನೀವೊಬ್ಬರ ನೋಡ್ರಿ" ಎಂದಿರಿ, ಅವರಿಗೆ ಕೇಳುವಂತೆಯೇ.

ಅವರು ನನ್ನನ್ನೇ ನೋಡಿದರು. ಎಲ್ಲ ತಿಳಿದುಹೋಯಿತು ಅವರಿಗೆ — ಆದರೂ ಬಾಯಿ ಬಿಡಲಿಲ್ಲ.

ನಾಳೆ ಹಡಗಲಿಗೆ ಹೋಗುತ್ತೇನೆ. ಆ ಮನೆಯ ಮಜ್ಜಿಗೆಯನ್ನು ಬಾಯಿಬಿಟ್ಟು ಕೇಳಿ ಕುಡಿಯುತ್ತೇನೆ. ಅವರನ್ನು ಕರೆದುಕೊಂಡು ನಿಮ್ಮ ಬಾಗಿಲಿಗೆ ಬಂದು, ಇದೇ ಮಾತನ್ನು ಅವರೆದುರೇ ಇನ್ನೊಮ್ಮೆ ಹೇಳುತ್ತೇನೆ. ಅವರನ್ನು ಒಳಗೆ ಕರೆದು ನೀರು ಕೊಡಿ.

ನನಗೆ ಬೇಡ.